ವ್ಯಾನಿನ ಹೀಟರ್ ಕೈಕೊಟ್ಟಾಗ

ಹಳೇ ವ್ಯಾನು ಕೊಂಡು ಅದನ್ನು ಓಡಾಡುವ ಮನೆ ಮಾಡಿಕೊಂಡ ಕಥೆ ಹೋದ ಸಲ ಬರೆದಿದ್ದೆ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಥರದವು: 'ಜರ್ಮನಿ ಚಳೀಲಿ ಆ ತಗಡಿನ ಡಬ್ಬದೊಳಗೆ ಹೇಗ್ರೀ ಮಲಗ್ತೀರಾ?' ಹೀಟರ್ ಇದೆ, ಅದಕ್ಕೇ ಮಲಗ್ತೀವಿ. ಆದರೆ ಈ ಜನವರಿಯಲ್ಲಿ ಆ ಹೀಟರ್ ಕೈಕೊಟ್ಟಿತು. ಸರಿ ಮಾಡೋಕೆ ಮೂರು ವೀಕೆಂಡ್ ಹೋಯಿತು, ಮೂರು ದೋಷ ಸಿಕ್ಕವು. ಎರಡನ್ನು ಹೀಟರೇ ಬಾಯಿಬಿಟ್ಟು ಹೇಳಿತ್ತು. ಮೂರನೆಯದನ್ನು ಅದು ಎಂದೂ ಹೇಳುತ್ತಿರಲಿಲ್ಲ. ಈ ಸಲದ ಅಂಕಣ ಬರೆಯೋಕೆ ಕಾರಣ ಆ ಮೂರನೆಯದು.

ಮೊದಲು, ಇದು ಯಾವ ಹೀಟರ್ ಅಂತ ಹೇಳಿಬಿಡ್ತೀನಿ. ಕಾರಿನಲ್ಲಿರೋ ಹೀಟರ್ ಇಂಜಿನ್ನಿನ ಬಿಸಿಯಿಂದ ನಡೆಯೋದು. ಇಂಜಿನ್ ಆಫ್ ಆದರೆ ಅದೂ ಮುಗೀತು. ರಾತ್ರಿಯಿಡೀ ಇಂಜಿನ್ ಓಡಿಸಿಕೊಂಡು ಮಲಗೋಣ ಅಂದರೆ ಡೀಸೆಲ್ ದಂಡ, ಅಕ್ಕಪಕ್ಕದವರಿಗೆ ಹಿಂಸೆ, ಜೊತೆಗೆ ಇಲ್ಲಿ ನಿಂತ ಗಾಡಿಯ ಇಂಜಿನ್ ಸುಮ್ಮಸುಮ್ಮನೆ ಓಡಿಸುವುದು ಕಾನೂನಿಗೆ ವಿರುದ್ಧ. ಕರೆಂಟ್ ಹೀಟರ್? ಲೆಕ್ಕ ಹಾಕಿ ನೋಡಿ. 2 ಕಿಲೋವ್ಯಾಟ್ ಹೀಟರನ್ನು 12 ವೋಲ್ಟ್ ಬ್ಯಾಟರಿಯಿಂದ ಓಡಿಸಲು 160 ಆಂಪಿಯರ್ ಮೇಲೆ ಬೇಕು. 100 ಆಂಪಿಯರ್-ಅವರ್ ಬ್ಯಾಟರಿ ಪೂರ್ತಿ ಹಿಂಡಿದರೂ ಅರ್ಧ ಗಂಟೆ ಚಿಲ್ಲರೆ. ಬೆಳಗಿನ ಆರು ಗಂಟೆ ಹಾಗಿರಲಿ, ಹಲ್ಲುಜ್ಜಿ ಮಲಗುವಷ್ಟರಲ್ಲಿ ಖಾಲಿ.

ಅದೇ ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಹಾಗಾಗಿ ವ್ಯಾನಿನವರ ಆಯ್ಕೆ ಡೀಸೆಲ್ ಏರ್ ಹೀಟರ್. ಶೂ ಬಾಕ್ಸಿಗಿಂತ ಸ್ವಲ್ಪ ಉದ್ದದ ಒಂದು ಪೆಟ್ಟಿಗೆ. ಒಳಗೆ ಪುಟ್ಟ ಉರಿಯೊಲೆ, ಅದರ ಸುತ್ತ ರೆಕ್ಕೆ ರೆಕ್ಕೆಯಾಗಿರುವ ಅಲ್ಯೂಮಿನಿಯಂ ಕವಚ, ಆ ಕವಚದ ಮೇಲೆ ಗಾಳಿ ಬೀಸುವ ಫ್ಯಾನು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಇದರಲ್ಲಿ ಎರಡು ಗಾಳಿಗಳಿವೆ. ಒಂದು, ನಾವು ಉಸಿರಾಡುವ ಗಾಳಿ: ವ್ಯಾನಿನೊಳಗಿಂದ ಹೋಗಿ, ಕವಚ ಸವರಿಕೊಂಡು ಬಿಸಿಯಾಗಿ ವಾಪಸ್ ವ್ಯಾನಿಗೇ ಬರುತ್ತೆ. ಇನ್ನೊಂದು ಉರಿಯುವ ಗಾಳಿ: ಗಾಡಿಯ ಹೊಟ್ಟೆಯ ಕೆಳಗಿಂದ ಒಳಗೆ ಬಂದು, ಡೀಸೆಲ್ ಜೊತೆ ಸುಟ್ಟು, ಹೊಗೆಯಾಗಿ ಕೆಳಗಿಂದಲೇ ಹೊರಗೆ ಹೋಗುತ್ತೆ. ಈ ಎರಡು ಗಾಳಿಗಳು ಎಂದೂ ಸೇರಬಾರದು. ಇಡೀ ಯಂತ್ರ ನಿಂತಿರೋದೇ ಈ ಒಂದು ಷರತ್ತಿನ ಮೇಲೆ.

ಈ ಕಸುಬಿನ ದೊಡ್ಡ ಹೆಸರುಗಳೆರಡೂ ನಾವಿರುವ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್ ಊರಲ್ಲೇ ಹುಟ್ಟಿದವು. ಎಬರ್‌ಸ್ಪೆಕರ್ 1865ರಲ್ಲಿ, ವೆಬಾಸ್ಟೊ 1901ರಲ್ಲಿ. ಎರಡನೆಯದು ಆಮೇಲೆ ಮ್ಯೂನಿಕ್ ಹತ್ತಿರದ ಸ್ಟಾಕ್‌ಡಾರ್ಫ್‌ಗೆ ಹೋಯಿತು. ವಿಲ್ಹೆಲ್ಮ್ ಬಾಯರ್, ಸ್ಟಾಕ್‌ಡಾರ್ಫ್ ಅನ್ನೋದನ್ನೇ ಮುರಿದು ಜೋಡಿಸಿದರೆ ವೆಬಾಸ್ಟೊ. ನಮ್ಮ ವ್ಯಾನಿನಲ್ಲಿರೋದು ಇವೆರಡೂ ಅಲ್ಲ. ಆನ್‌ಲೈನ್‌ನಲ್ಲಿ ಹತ್ತಾರು ಹೆಸರಲ್ಲಿ ಸಿಗುವ, ಒಳಗೆ ಹೆಚ್ಚುಕಮ್ಮಿ ಒಂದೇ ಆಗಿರುವ ಅಗ್ಗದ ಹೀಟರ್. ಹಳೇ ಮಾಲೀಕ ತಾನೇ ಕೂರಿಸಿಕೊಂಡಿದ್ದು. ಯಂತ್ರದ ಮೇಲೆ ನನ್ನ ತಕರಾರಿಲ್ಲ. ಕೂರಿಸಿದ ರೀತಿಯ ಮೇಲೆ ಬೇಕಾದಷ್ಟಿದೆ.

ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ವ್ಯಾನುಗಳಿಗೆಂದೇ ಬಿಟ್ಟಿರುವ ಒಂದು ಜಾಗ. ಹೊರಗೆ ಮೈನಸ್ 8. ನಾನು, ನನ್ನ ಹೆಂಡತಿ, ನಾಲ್ಕು ವರ್ಷದ ಮಗಳು. ರಾತ್ರಿ ಒಂಬತ್ತಕ್ಕೆ ಹೀಟರ್ ಒತ್ತಿದೆ. ಫ್ಯಾನ್ ತಿರುಗಿತು, ಪಂಪ್ ಟಿಕ್ ಟಿಕ್ ಅಂದಿತು, ಕೆಳಗಿಂದ ಬಿಳಿ ಹೊಗೆ ಎದ್ದಿತು, ಆಮೇಲೆ ಎಲ್ಲ ತಣ್ಣಗೆ. ಪರದೆ ಮೇಲೆ ಇ-10. ಅಂದರೆ ನಮ್ಮ ಮಾಡೆಲ್‌ನಲ್ಲಿ 'ಬೆಂಕಿ ಹತ್ತಲಿಲ್ಲ' ಅಂತ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಒತ್ತಲಿಲ್ಲ. ಪ್ರತಿ ಸಲ ಸುಡದೇ ಉಳಿದ ಡೀಸೆಲ್ ಒಲೆಯ ತಳದಲ್ಲಿ ನಿಲ್ಲುತ್ತಾ ಹೋಗುತ್ತೆ. ಕೊನೆಗೊಮ್ಮೆ ಹತ್ತಿಕೊಂಡಾಗ ಅಷ್ಟೂ ಒಟ್ಟಿಗೆ ಉರಿದು ಹೊಗೆ ಕಾರುತ್ತೆ.

'ಸ್ಟವ್ ಹಚ್ಚಿಡೋಣ್ವಾ ಸ್ವಲ್ಪ ಹೊತ್ತು?' ಅಂದಳು ಹೆಂಡತಿ.

ಎಲ್ಲರಿಗೂ ಮೊದಲು ಹೊಳೆಯೋದು ಅದೇ. ಆದರೆ ಗ್ಯಾಸ್ ಸ್ಟವ್‌ಗೆ ಹೊಗೆ ಕೊಳವೆ ಇಲ್ಲ. ಸುಡೋದು ನಾವು ಉಸಿರಾಡುವ ಗಾಳಿಯನ್ನೇ, ಬಿಡೋದೂ ಅಲ್ಲಿಗೇ. ಕಿಟಕಿ ಮುಚ್ಚಿದ ಇಷ್ಟು ಚಿಕ್ಕ ಜಾಗದಲ್ಲಿ ಆಮ್ಲಜನಕ ಕಮ್ಮಿಯಾದಂತೆ ಉರಿ ಕೆಡುತ್ತೆ, ಕಾರ್ಬನ್ ಮಾನಾಕ್ಸೈಡ್ ಶುರುವಾಗುತ್ತೆ. ನಮ್ಮೂರ ಕಡೆ ಬಾತ್‌ರೂಮಿನ ಗ್ಯಾಸ್ ಗೀಸರ್ ಅನಾಹುತಗಳ ಸುದ್ದಿ ಓದಿರ್ತೀರಲ್ಲ, ಇದೂ ಅದೇ ವಿಷ. ಮಗಳನ್ನು ಸೀಟಿಗೆ ಕಟ್ಟಿ, ರಾತ್ರಿಯೇ ಮನೆಗೆ ವಾಪಸ್ ಬಂದೆವು. ಎರಡು ಗಂಟೆ ಡ್ರೈವ್. ಅವಳಿಗೆ ಎಚ್ಚರವೇ ಆಗಲಿಲ್ಲ.

ಇಂಟರ್‌ನೆಟ್ಟಿನಲ್ಲಿ ಇ-10 ಅಂತ ಹುಡುಕಿದರೆ ಸಿಗೋ ಸಲಹೆ: ಗ್ಲೋ ಪ್ಲಗ್ ಬದಲಿಸಿ, ಪಂಪ್ ಬದಲಿಸಿ, ಬೋರ್ಡ್ ಬದಲಿಸಿ. ಕೋಡ್ ಬರೆಯೋ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತಿರೋ ರೋಗ. ಎರರ್ ಮೆಸೇಜಿನಲ್ಲಿರೋದು ಪ್ರೋಗ್ರಾಮು ಎಲ್ಲಿ ಸತ್ತಿತು ಅನ್ನೋದು. ಯಾಕೆ ಸತ್ತಿತು ಅನ್ನೋದಕ್ಕೆ ಅದಕ್ಕಿಂತ ಹಿಂದಿನ ಲಾಗ್ ಓದಬೇಕು. ಹೀಟರಿಗೆ ಲಾಗ್ ಫೈಲ್ ಇಲ್ಲ. ಆದರೆ ಅದು ಶಬ್ದದಲ್ಲಿ ಲಾಗ್ ಬರೆಯುತ್ತೆ.

ಆನ್ ಮಾಡಿದ ಕೂಡಲೇ ಫ್ಯಾನು ನಿಧಾನಕ್ಕೆ ತಿರುಗುತ್ತೆ. ಆಮೇಲೆ ಒಂದು ನಿಮಿಷದಷ್ಟು ಹೊತ್ತು ಏನೂ ಆಗದ ಹಾಗೆ ಕಾಣುತ್ತೆ. ಆಗ ಗ್ಲೋ ಪ್ಲಗ್ ಕೆಂಪಗೆ ಕಾಯುತ್ತಿರುತ್ತೆ. ಇಡೀ ರಾತ್ರಿಯಲ್ಲಿ ಅತಿ ಹೆಚ್ಚು ಕರೆಂಟ್ ಎಳೆಯುವ ಹೊತ್ತು ಇದೇ, ಹತ್ತು ಆಂಪಿಯರ್ ಹತ್ತಿರ. ನಂತರ ಡೋಸಿಂಗ್ ಪಂಪು ಟಿಕ್... ಟಿಕ್... ಒಂದೊಂದು ಟಿಕ್ಕಿಗೂ ಒಂದು ಹನಿಗಿಂತ ಕಮ್ಮಿ ಡೀಸೆಲ್. ಸ್ವಲ್ಪ ಬಿಳಿ ಹೊಗೆ. ಬೆಂಕಿ ಹತ್ತಿದರೆ ಒಳಗಿಂದ ಗುರ್ ಅನ್ನೋ ಮೆಲು ಸದ್ದು, ಹೊಗೆ ಮಾಯ, ಫ್ಯಾನು ಜೋರು, ಗ್ಲೋ ಪ್ಲಗ್ ಆಫ್. ಅಲ್ಲಿಂದ ಮುಂದೆ ಬೇಕಾಗೋದು ಒಂದೆರಡು ಆಂಪಿಯರ್ ಮಾತ್ರ. ಸರಿಯಾಗಿರುವಾಗ ಇದನ್ನು ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕೆಟ್ಟಾಗ ಎರಡನ್ನೂ ಪಕ್ಕಪಕ್ಕ ಕೇಳಿದರೆ ಎಲ್ಲಿ ಬೇರೆಯಾಯ್ತು ಅಂತ ಗೊತ್ತಾಗುತ್ತೆ.

ನಮ್ಮದರಲ್ಲಿ ಫ್ಯಾನು ಸರಿ, ಪಂಪು ಸರಿ. ಬಿಳಿ ಹೊಗೆ ಬಂದಿದೆ ಅಂದರೆ ಡೀಸೆಲ್ ಒಲೆಯವರೆಗೆ ಬರ್ತಿದೆ, ಆದರೆ ಸುಡುತ್ತಿಲ್ಲ. ಉಳಿದದ್ದು ಬಿಸಿ. ಗ್ಲೋ ಪ್ಲಗ್ ಬಿಚ್ಚೋಕೆ ಮುಂಚೆ ಮೀಟರ್ ತಗೊಂಡೆ. ಇದನ್ನು ನಾನು ಯಾರು ಕೇಳಿದರೂ ಹೇಳೋದು: ಸ್ಪ್ಯಾನರ್ ಕೊನೆಗೆ, ಮೀಟರ್ ಮೊದಲು. ಮೀಟರಿನಿಂದ ಏನೂ ಹಾಳಾಗಲ್ಲ.

ಬ್ಯಾಟರಿ ತುದಿಯಲ್ಲಿ 12.5 ವೋಲ್ಟ್. ಹೀಟರಿನ ಪ್ಲಗ್ ಹತ್ತಿರವೂ 12.5. ಎಲ್ಲ ಸರಿ ಅಂತ ಇಲ್ಲೇ ಮೀಟರ್ ಎತ್ತಿಟ್ಟುಬಿಡೋರು ಜಾಸ್ತಿ. ಆದರೆ ಇದು ಯಂತ್ರ ಸುಮ್ಮನೆ ಕೂತಾಗಿನ ಲೆಕ್ಕ. ಗ್ಲೋ ಪ್ಲಗ್ ಕಾಯೋಕೆ ಶುರುವಾದ ಮೇಲೆ ಅದೇ ಜಾಗದಲ್ಲಿ ನೋಡಿದೆ: ಬ್ಯಾಟರಿಯಲ್ಲಿ ಇನ್ನೂ 12.5, ಹೀಟರ್ ಹತ್ತಿರ 10.7. ದಾರಿಯಲ್ಲೇ 1.8 ವೋಲ್ಟ್ ಮಾಯ!

ನಲ್ಲಿ ತೆರೆಯದೇ ಇರುವಾಗ ಸಣ್ಣ ಪೈಪಿನಲ್ಲೂ ಒತ್ತಡ ಪೂರ್ತಿ ಇರುತ್ತೆ. ತೆರೆದಾಗಲೇ ಬಣ್ಣ ಬಯಲಾಗೋದು. ವೈರೂ ಹಾಗೇ. ಹಳೇ ಮಾಲೀಕ 1.5 ಚದರ ಮಿಲಿಮೀಟರ್ ವೈರನ್ನು ಗೋಡೆಯೊಳಗೆ ಸುತ್ತಿ ಬಳಸಿ ಆರು ಮೀಟರ್ ಎಳೆದಿದ್ದ. ಹೋಗೋದು ಆರು, ಬರೋದು ಆರು, ಒಟ್ಟು ಹನ್ನೆರಡು ಮೀಟರ್. ಅಷ್ಟು ಉದ್ದದ ಅಷ್ಟು ತೆಳು ತಾಮ್ರದಲ್ಲಿ ಹತ್ತು ಆಂಪಿಯರ್ ಹರಿದರೆ 1.4 ವೋಲ್ಟ್ ಹತ್ತಿರ ಕಳೆದುಹೋಗುತ್ತೆ. ಉಳಿದದ್ದನ್ನು ಹಸಿರುಗಟ್ಟಿದ ಫ್ಯೂಸ್ ಹೋಲ್ಡರ್ ತಿಂದಿತ್ತು. ವೋಲ್ಟೇಜ್ ಶೇ. 14ರಷ್ಟು ಇಳಿದರೆ ಗ್ಲೋ ಪ್ಲಗ್‌ನ ಬಿಸಿಯೂ ಅಷ್ಟೇ ಇಳಿಯುತ್ತೆ ಅಂದುಕೊಳ್ಳಬೇಡಿ. ಶಕ್ತಿಯ ಲೆಕ್ಕ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಹೋಗೋದರಿಂದ ಕಾಲು ಭಾಗಕ್ಕೂ ಹೆಚ್ಚು ಬಿಸಿ ಖೋತಾ. ಅಕ್ಟೋಬರಿನಲ್ಲಿ ಹಾಗೂ ಹೀಗೂ ಹತ್ತಿಕೊಂಡಿತ್ತು. ಮೈನಸ್ ಎಂಟರಲ್ಲಿ ಆಗಲಿಲ್ಲ. ತಮಾಷೆ ಅಂದರೆ, 'ವೋಲ್ಟೇಜ್ ಕಮ್ಮಿ' ಅನ್ನೋ ಬೇರೆ ಕೋಡೇ ಈ ಹೀಟರಿಗಿದೆ. ಅದು ಬರೋದು 10.5ರ ಆಸುಪಾಸು ಇಳಿದ ಮೇಲೆ. ನಮ್ಮದು ಆ ಗೆರೆಗೆ ಒಂಚೂರು ಮೇಲೆ ನಿಂತು ಬೇರೆ ಹೆಸರಿನಲ್ಲಿ ಅಳುತ್ತಿತ್ತು.

6 ಚದರ ಮಿಲಿಮೀಟರ್ ವೈರ್, ಹೊಸ ಫ್ಯೂಸ್ ಹೋಲ್ಡರ್, ಬ್ಯಾಟರಿಯಿಂದ ನೇರ ದಾರಿ. ಒತ್ತಿದ ಮೊದಲ ಸಲಕ್ಕೇ ಹತ್ತಿಕೊಂಡಿತು. ಗ್ಲೋ ಪ್ಲಗ್ ಬದಲಿಸೋ ಪ್ರಮೇಯವೇ ಬರಲಿಲ್ಲ.

ಖುಷಿ ಇಪ್ಪತ್ತು ನಿಮಿಷ ಮಾತ್ರ. ಉರಿಯುತ್ತಿದ್ದದ್ದು ಕೆಮ್ಮಿದಂಗೆ ಮಾಡಿ ಆರಿಹೋಯಿತು. ಈಗ ಇ-08, ಉರಿ ನಡುವೆ ನಿಂತಿದೆ ಅಂತ.

ಆ ಭಾನುವಾರ ಊರಿಗೆ ಮಾಡುವ ವಿಡಿಯೋ ಕಾಲ್ ವ್ಯಾನಿನ ಕೆಳಗಿಂದಲೇ ಆಯಿತು. ನನ್ನ ಚಿಕ್ಕಪ್ಪ ಅರಸೀಕೆರೆ ಕಡೆ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಕರೆಂಟ್ ಮೋಟರ್ ಬರೋಕೆ ಮುಂಚೆ ಡೀಸೆಲ್ ಪಂಪ್‌ಸೆಟ್ ಜೊತೆ ಗುದ್ದಾಡಿದ ಕೈ.

'ಪಂಪು ಬಡೀತಾ ಐತಾ?'

'ಬಡೀತಿದೆ ಚಿಕ್ಕಪ್ಪ.'

'ಒಂದೇ ಸಮ ಬಡೀತಾ ಐತೋ, ಮಧ್ಯೆ ಮಧ್ಯೆ ದನಿ ಬದಲಾಯಿಸ್ತದೋ?'

ಫೋನನ್ನು ಪಂಪಿನ ಹತ್ತಿರ ಹಿಡಿದೆ. ಟಿಕ್, ಟಿಕ್, ಟಿಕ್, ಟಕ್, ಟಕ್. ನಡುನಡುವೆ ಸದ್ದು ಗಟ್ಟಿಯಾಗುತ್ತಿತ್ತು.

'ಏರ್ ಹಿಡ್ಕಂಡೈತೆ ಕಣ್ಲಾ. ಟ್ಯಾಂಕ್ ಕಡೆಯಿಂದ ಜಾಯಿಂಟ್ ನೋಡ್ಕಂಡ್ ಬಾ.'

ಜರ್ಮನ್ ಹೀಟರ್ ಇರಲಿ, ಅರಸೀಕೆರೆ ಪಂಪ್‌ಸೆಟ್ ಇರಲಿ, ಎಣ್ಣೆ ಜಾಗದಲ್ಲಿ ಗಾಳಿ ಬಂದರೆ ಸದ್ದು ಬದಲಾಗುತ್ತೆ. ಎಣ್ಣೆ ತುಂಬಿದ ಪಂಪಿನ ಸದ್ದು ಮೆತ್ತಗೆ, ಖಾಲಿ ಹೊಡೆದಾಗ ಗಟ್ಟಿ. ಟ್ಯಾಂಕಿನ ಕಡೆಯಿಂದ ನೋಡುತ್ತಾ ಬಂದೆ. ಈ ಹೀಟರುಗಳ ಡೀಸೆಲ್ ಪೈಪಿನ ಒಳರಂಧ್ರ ಸುಮಾರು ಎರಡು ಮಿಲಿಮೀಟರ್, ಜೂಸ್ ಸ್ಟ್ರಾಗಿಂತ ಸಣ್ಣ. ಬೇಕಂತಲೇ ಹಾಗೆ ಮಾಡಿರೋದು. ಗುಳ್ಳೆ ಬಂದರೂ ನಿಲ್ಲದೆ ಎಣ್ಣೆ ಜೊತೆ ಸರಿದುಹೋಗಲಿ ಅಂತ. ಎರಡು ಪೈಪ್ ಸೇರುವಲ್ಲಿ ರಬ್ಬರ್ ತುಂಡು ಹಾಕ್ತಾರೆ. ಆ ರಬ್ಬರಿನೊಳಗೆ ಎರಡೂ ಪೈಪಿನ ಬಾಯಿ ಒಂದಕ್ಕೊಂದು ಮುಟ್ಟಿರಬೇಕು. ನಮ್ಮದರಲ್ಲಿ ಒಂದು ಸೆಂಟಿಮೀಟರ್ ಬಿಟ್ಟಿದ್ದರು. ಆ ಖಾಲಿ ಜಾಗದಲ್ಲಿ ಸಣ್ಣ ಗುಳ್ಳೆಗಳು ಸೇರಿ ಸೇರಿ ದೊಡ್ಡದಾಗಿ, ಇಪ್ಪತ್ತು ನಿಮಿಷಕ್ಕೊಮ್ಮೆ ಒಟ್ಟಿಗೆ ಹೊರಟು ಉರಿ ಆರಿಸುತ್ತಿದ್ದವು. ಸಾಲದು ಅಂತ ಪಂಪನ್ನು ಮಟ್ಟಸವಾಗಿ ಮಲಗಿಸಿದ್ದರು. ಎಣ್ಣೆ ಹೊರಹೋಗುವ ತುದಿ ಮೇಲಾಗಿ ಅದು ಓರೆಯಾಗಿರಬೇಕು, ಗುಳ್ಳೆ ತಾನಾಗೇ ಮೇಲೇರಿ ಹೋಗುವ ಹಾಗೆ.

ಪೈಪಿನ ತುದಿಗಳನ್ನು ಬ್ಲೇಡಿನಲ್ಲಿ ನೇರಕ್ಕೆ ಕತ್ತರಿಸಿ, ಬಾಯಿಗೆ ಬಾಯಿ ಕೂಡಿಸಿ ಕ್ಲಾಂಪ್ ಬಿಗಿದೆ. ಪಂಪನ್ನು ಓರೆ ಮಾಡಿದೆ. ಆಮೇಲೆ ಪಂಪು ಅಳತೆ ಪ್ರಕಾರ ಕೊಡ್ತಿದೆಯಾ ಅಂತಲೂ ನೋಡಿದೆ. ನಮ್ಮ ಪಂಪಿನ ಮೇಲೆ ಬರೆದಿರೋದು 22 ಮಿಲಿಲೀಟರ್, ಅಂದರೆ ಸಾವಿರ ಟಿಕ್ಕಿಗೆ ಅಷ್ಟು. ಹೀಟರ್ ಕಡೆಯ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು, 200 ಟಿಕ್ ಎಣಿಸಿ, ಮಗಳಿಗೆ ಜ್ವರದ ಸಿರಪ್ ಕೊಡುತ್ತಿದ್ದ ಹಳೇ ಸಿರಿಂಜಿನಲ್ಲಿ ಅಳೆದರೆ 4.4 ಬರಬೇಕು. 4.3 ಬಂತು. ಪಂಪಿಗೆ ಕ್ಷಮಾದಾನ.

ಡೀಸೆಲ್ ವಿಷಯಕ್ಕೆ ಬಂದಾಗ ಇನ್ನೆರಡು ಮಾತು. ಗಾಡಿಯ ಟ್ಯಾಂಕಿನಿಂದಲೇ ಹೀಟರಿಗೆ ಎಣ್ಣೆ ತೆಗೆದಿದ್ದರೆ, ಅದರ ಕೊಳವೆ ಸಾಮಾನ್ಯವಾಗಿ ಟ್ಯಾಂಕಿನ ತಳದವರೆಗೆ ಹೋಗಿರಲ್ಲ. ರಾತ್ರಿ ಬೆಚ್ಚಗೆ ಮಲಗಿ ಬೆಳಿಗ್ಗೆ ಪೆಟ್ರೋಲ್ ಬಂಕಿಗೂ ಹೋಗಲಾಗದ ಸ್ಥಿತಿ ಬರಬಾರದು ಅಂತ. ಹಾಗಾಗಿ ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಹೀಟರ್ ನಿಂತರೆ ಅದು ದೋಷವಲ್ಲ, ವ್ಯವಸ್ಥೆ. ಬೇರೆ ಡಬ್ಬಿ ಟ್ಯಾಂಕ್ ಇದ್ದರೆ ಸಮಸ್ಯೆ ಇನ್ನೊಂದು: ಅದರಲ್ಲಿ ಬೇಸಿಗೆಯ ಡೀಸೆಲ್ ಉಳಿದಿರುತ್ತೆ. ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗೋ ಹಾಗೆ ಡೀಸೆಲ್‌ನಲ್ಲಿರೋ ಮೇಣವೂ ಹರಳುಗಟ್ಟಿ ಫಿಲ್ಟರ್ ಮುಚ್ಚುತ್ತೆ. ಜರ್ಮನಿಯ ಬಂಕುಗಳಲ್ಲಿ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಮೈನಸ್ 20ರ ತನಕ ಫಿಲ್ಟರಿನಲ್ಲಿ ಹರಿಯುವ ಚಳಿಗಾಲದ ಡೀಸೆಲ್ ಕೊಡ್ತಾರೆ. ಬೇಸಿಗೆಯ ಡೀಸೆಲ್‌ಗೆ ಆ ಮಿತಿ ಸೊನ್ನೆ ಡಿಗ್ರಿ. ಆಗಸ್ಟಿನಲ್ಲಿ ತುಂಬಿಸಿದ ಡಬ್ಬಿಯನ್ನು ಜನವರಿಯಲ್ಲಿ ನಂಬೋ ಹಾಗಿಲ್ಲ.

ಮೂರನೇ ವೀಕೆಂಡ್. ಮನೆ ಹತ್ತಿರದ ಪಾರ್ಕಿಂಗಿನಲ್ಲಿ ವ್ಯಾನಿನ ಪಕ್ಕದ ಬಾಗಿಲು ತೆರೆದಿಟ್ಟು ಹೀಟರನ್ನು ಫುಲ್ಲಿಗೆ ಇಟ್ಟಿದ್ದೆ. ಒಂದು ಗಂಟೆ ಒಂದೇ ಸಮ ಉರಿಯಿತು. ಕೋಡಿಲ್ಲ, ಹೊಗೆಯಿಲ್ಲ, ಬಿಸಿಗಾಳಿ ಬರ್ತಿದೆ. ಹೆಂಡತಿ ಕಾಫಿ ತಂದವಳು ಬಾಗಿಲ ಹತ್ತಿರ ನಿಂತು ಮೂಗು ಮುರಿದಳು.

'ಸರಿಯಾಯ್ತು ಅಂತೀಯಾ. ನನಗ್ಯಾಕೋ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ವಾಸನೆ ಬರ್ತಿದೆ.'

ಟಾರ್ಚ್ ಹಿಡಿದು ಕೆಳಗೆ ನುಸುಳಿದೆ. ಹೀಟರಿನ ಹೊಗೆ ಬಾಯಿಗೆ ಎಕ್ಸಾಸ್ಟ್ ಪೈಪ್ ಸೇರುವ ಜಾಗದಲ್ಲಿ ಮಸಿ ಹಿಡಿದ ಕಪ್ಪು ಗೆರೆ. ಕ್ಲಾಂಪ್ ಕೈಯಲ್ಲೇ ತಿರುಗಿತು. ಇನ್ನು ಆ ಪೈಪಿನ ಕೊನೆ? ಗಾಡಿಯಿಂದ ಹೊರಕ್ಕೆ ಬರುವ ಬದಲು ಹೊಟ್ಟೆಯ ನಡುಮಧ್ಯಕ್ಕೇ ನಿಂತಿತ್ತು. ಮೇಲಿಂದ ನೋಡಿದರೆ, ನೆಲದಲ್ಲಿ ಹೀಟರ್ ಕೂತಿರುವ ತೂತಿನ ಸುತ್ತ ಇರಬೇಕಾದ ಗ್ಯಾಸ್ಕೆಟ್ ಒಂದು ಬದಿ ಎದ್ದಿತ್ತು. ಸೋರುವ ಜಾಗದಿಂದ ಆ ಸಂದಿಗೆ ಒಂದು ಗೇಣು ದೂರ. ಸಂದಿಯ ಮೇಲೆ ಮಗಳು ಮಲಗುವ ಕೆಳಗಿನ ಮಂಚ.

ಸ್ವಲ್ಪ ಹೊತ್ತು ನಾವಿಬ್ಬರೂ ಏನೂ ಮಾತಾಡಲಿಲ್ಲ.

ಮೊದಲ ಎರಡು ದೋಷಗಳು ಹೀಟರನ್ನು ನಿಲ್ಲಿಸಿದವು, ಅದಕ್ಕೇ ಸಿಕ್ಕಿಬಿದ್ದವು. ಇದು ನಿಲ್ಲಿಸಲ್ಲ. ಹೀಟರಿನ ಪಾಲಿಗೆ ಇದು ದೋಷವೇ ಅಲ್ಲ; ಗಾಳಿ ಬರ್ತಿದೆ, ಎಣ್ಣೆ ಬರ್ತಿದೆ, ಬಿಸಿ ಇದೆ. ಆ ಹೊಗೆ ಎಲ್ಲಿ ಹೋಗ್ತಿದೆ ಅಂತ ನೋಡುವ ಸೆನ್ಸರ್ ಅದರೊಳಗಿಲ್ಲ. ಹಿಮ ಬಿದ್ದು ಗಾಡಿಯ ಸುತ್ತ ಗುಡ್ಡೆಯಾದ ರಾತ್ರಿ ಕೆಳಗಿನ ಹೊಗೆಗೆ ಹೊರದಾರಿ ಮುಚ್ಚಿಹೋಗುತ್ತೆ. ಸಂದಿ ಮಾತ್ರ ತೆರೆದಿರುತ್ತೆ. ಸರಿಯಾಗಿ ಉರಿಯುವಾಗ ಈ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕಡಿಮೆ, ನಿಜ. ಮಸಿ ಕಟ್ಟಿದಾಗ, ಗಾಳಿ ಸಾಲದಾದಾಗ ಏರುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅವತ್ತು ಬಂದ ವಾಸನೆ ಡೀಸೆಲ್ ಹೊಗೆಯಲ್ಲಿರುವ ಬೇರೆ ಪದಾರ್ಥಗಳದ್ದು. ನಮ್ಮ ಅದೃಷ್ಟಕ್ಕೆ ಅವೂ ಜೊತೆಗಿರುತ್ತವೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತೆ. ತಲೆನೋವು, ವಾಕರಿಕೆ, ಮಂಪರು. ಮಲಗಿದವರಿಗೆ ಮಂಪರು ಬಂದದ್ದು ಗೊತ್ತಾಗೋದಾದರೂ ಹೇಗೆ?

ನಮ್ಮಲ್ಲಿ ಅಲಾರಾಂ ಇತ್ತು. ಬಾಗಿಲು ತೆರೆದಿದ್ದರಿಂದ ಅವತ್ತು ಸುಮ್ಮನಿತ್ತು. ಅಲಾರಾಂ ಇದೆಯಲ್ಲ ಅಂತ ಉಳಿದದ್ದನ್ನು ಮರೆಯೋ ಹಾಗಿಲ್ಲ, ಯಾಕೆ ಅಂದರೆ ಅದು ಕೂಗೋಕೆ ಸಮಯ ತಗೊಳ್ಳುತ್ತೆ. ಯುರೋಪಿನ ಇಎನ್ 50291 ಮಾನದಂಡದ ಪ್ರಕಾರ ಗಾಳಿಯಲ್ಲಿ 50 ಪಿಪಿಎಂ ಇದ್ದರೆ ಅದು ಕೂಗೋದು 60ರಿಂದ 90 ನಿಮಿಷದೊಳಗೆ. 300 ಪಿಪಿಎಂ ಇದ್ದರೆ ಮೂರು ನಿಮಿಷದೊಳಗೆ. ಅದೇ ಮಾನದಂಡದ ಎರಡನೇ ಭಾಗ ವ್ಯಾನು, ದೋಣಿಗಳಿಗೆಂದೇ ಇದೆ. ಕೊಳ್ಳುವಾಗ ಹಿಂದೆ 50291-2 ಅಂತ ಬರೆದಿದೆಯಾ ನೋಡಿ. ಸೆನ್ಸರಿಗೆ ಆಯಸ್ಸಿರುತ್ತೆ, ಮುಗಿಯುವ ತಾರೀಖು ಅದರ ಮೇಲೇ ಇರುತ್ತೆ.

ಆ ದಿನ ಮಾಡಿದ ಕೆಲಸ ಹೇಳಿಬಿಡ್ತೀನಿ. ಹೀಟರ್ ಪೂರ್ತಿ ಕಳಚಿ ಹೊಸ ಗ್ಯಾಸ್ಕೆಟ್ ಹಾಕಿದ್ದು. ಹೊಗೆ ಬಾಯಿಗೆ ಎಕ್ಸಾಸ್ಟ್ ಪೇಸ್ಟ್ ಸವರಿ ಹೊಸ ಸ್ಟೀಲ್ ಕ್ಲಾಂಪ್ ಬಿಗಿದದ್ದು. ಪೈಪನ್ನು ಗಾಡಿಯ ಅಂಚಿನಾಚೆ, ಬಾಗಿಲಿಲ್ಲದ ಬದಿಗೆ ತಂದದ್ದು. ಉರಿಯುವ ಗಾಳಿ ಒಳಗೆ ಬರುವ ಬಾಯಿಯನ್ನು ಅದರಿಂದ ದೂರಕ್ಕೆ ತಿರುಗಿಸಿದ್ದು, ಇಲ್ಲದಿದ್ದರೆ ತನ್ನ ಹೊಗೆಯನ್ನು ತಾನೇ ಕುಡಿದು ಮಸಿ ಕಟ್ಟಿಕೊಳ್ಳುತ್ತೆ. ಕೆಲಸ ಮುಗಿದ ಮೇಲೆ ಬಾಗಿಲು ಕಿಟಕಿ ಮುಚ್ಚಿ, ಒಳಗೆ ಅಲಾರಾಂ ಮಾತ್ರ ಬಿಟ್ಟು, ನಾವೆಲ್ಲ ಹೊರಗೆ ನಿಂತು ಎರಡು ಗಂಟೆ ಫುಲ್ಲಿನಲ್ಲಿ ಓಡಿಸಿದೆವು. ಪರದೆಯಿರುವ ಅಲಾರಾಂ ಕೊಂಡರೆ ಒಳ್ಳೇದು ಅನ್ನೋದು ಇದಕ್ಕೇ. ಕಿಟಕಿಯಿಂದ ನೋಡಿದರೆ ಸೊನ್ನೆ ಕಾಣ್ತಿತ್ತು.

ಮಸಿ ಅಂದೆನಲ್ಲ, ಅದಕ್ಕೊಂದು ಅಭ್ಯಾಸವೂ ಕಾರಣ. ಡೀಸೆಲ್ ಉಳಿಸೋಣ ಅಂತ ರಾತ್ರಿಯಿಡೀ ಕನಿಷ್ಠಕ್ಕಿಟ್ಟರೆ ಉರಿ ಸಣ್ಣದಾಗಿ ಒಲೆ ಪೂರ್ತಿ ಕಾಯಲ್ಲ, ಮಸಿ ಕೂರುತ್ತೆ. ಬೆಳಿಗ್ಗೆ ಎದ್ದು ಇಪ್ಪತ್ತು ನಿಮಿಷ ಫುಲ್ಲಿಗಿಟ್ಟರೆ ಅಷ್ಟಿಷ್ಟು ಸುಟ್ಟುಹೋಗುತ್ತೆ. ಉಳಿತಾಯ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. 2 ಕಿಲೋವ್ಯಾಟ್ ಹೀಟರ್ ಫುಲ್ಲಿನಲ್ಲಿ ಓಡಿದರೂ ಗಂಟೆಗೆ ಕಾಲು ಲೀಟರ್ ಆಸುಪಾಸು. ಹಾಗೇ, ಬಟನ್ ಒತ್ತಿ ಆಫ್ ಮಾಡಿದ ಮೇಲೂ ಅದು ಕೆಲವು ನಿಮಿಷ ತಿರುಗುತ್ತಿರುತ್ತೆ. ಒಳಗೆ ಉಳಿದದ್ದನ್ನು ಸುಟ್ಟು, ಒಲೆಯನ್ನು ತಣಿಸಿಕೊಳ್ಳುವ ಹೊತ್ತು ಅದು. ಸದ್ದು ಅಂತ ಮೇನ್ ಸ್ವಿಚ್ ತೆಗೆದರೆ ಕಾದ ಯಂತ್ರದ ಉಸಿರು ಹಿಡಿದಂತೆ.

ಕೊನೆಗೆ, ಲಡಾಖ್ ಪ್ರಶ್ನೆ. ಬೆಂಗಳೂರಿನ ಇಬ್ಬರು ಓದುಗರು ಬಾಡಿಗೆ ಕ್ಯಾಂಪರ್‌ನಲ್ಲಿ ಹೋಗ್ತಿದ್ದೀವಿ, ಹೀಟರ್ ಇದ್ದರೆ ಸಾಕಲ್ವಾ ಅಂತ ಕೇಳಿದ್ದಾರೆ. ಲೇಹ್ ಇರೋದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡರಷ್ಟು. ನಾವು ಏದುಸಿರು ಬಿಡೋ ಹಾಗೆ ಹೀಟರಿಗೂ ಉಸಿರು ಸಾಲಲ್ಲ. ಪಂಪು ಮಾತ್ರ ಕೆಳಗಿನ ಊರಿನ ಲೆಕ್ಕದಲ್ಲೇ ಡೀಸೆಲ್ ಸುರೀತಿರುತ್ತೆ. ಪರಿಣಾಮ ಕಪ್ಪು ಹೊಗೆ, ಮಸಿ, ಮಾನಾಕ್ಸೈಡ್. ಒತ್ತಡ ಅಳೆದು ಡೀಸೆಲ್ ತಾನಾಗೇ ಕಮ್ಮಿ ಮಾಡಿಕೊಳ್ಳುವ ಹೀಟರುಗಳಿವೆ. ಕೆಲವದರಲ್ಲಿ ನಾವೇ ಸೆಟ್ಟಿಂಗ್ ಬದಲಿಸಬೇಕು. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಮುಂಗಡ ಕೊಡೋಕೆ ಮುಂಚೆ ಕೇಳಿ. ಡೀಸೆಲ್ ಬಗ್ಗೆಯೂ ಕೇಳಿ. ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಲಡಾಖ್‌ಗೆಂದೇ ಮೈನಸ್ 33 ಡಿಗ್ರಿಯವರೆಗೆ ಗಟ್ಟಿಯಾಗದ ಚಳಿಗಾಲದ ಡೀಸೆಲ್ ತಂದಿದೆ. ಮನಾಲಿಗೂ ಮುಂಚೆ ಬಯಲಿನಲ್ಲಿ ತುಂಬಿಸಿಕೊಂಡು ಹೋದ ಡೀಸೆಲ್ ಅದಲ್ಲ.

ಮತ್ತೆ, ಗಾಡಿ ಕೈಗೆ ಬಂದ ದಿನ ಮಾಲೀಕರ ಹತ್ತಿರ 'ಇದರ ಎಕ್ಸಾಸ್ಟ್ ಎಲ್ಲಿಂದ ಹೊರಗೆ ಹೋಗುತ್ತೆ, ಬಗ್ಗಿ ತೋರಿಸ್ತೀರಾ?' ಅಂತ ಕೇಳಿ. ತೋರಿಸಿದರೆ ನೀವೂ ಬಗ್ಗಿ ನೋಡಿ, ಫೋಟೋ ತಗೊಳ್ಳಿ. 'ಅದೆಲ್ಲ ಸರಿಯಿದೆ ಬಿಡಿ ಸಾರ್' ಅಂದರೆ ಹಗಲು ಆ ಗಾಡೀಲಿ ಸುತ್ತಾಡಿ, ರಾತ್ರಿ ಲೇಹ್‌ನಲ್ಲಿ ಒಂದು ಹೋಂಸ್ಟೇ ಹಿಡಿಯಿರಿ.